ಕೆರಿಬಿಯನ್ ಎಲ್ಲಿದೆ, ಹಾಡಿನಲ್ಲೋ ಜಾತಕದಲ್ಲೋ?

ಓದುಗರ ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎರಡು ವರ್ಷದಿಂದ ಜೋರ್ಜಾ ಸ್ಮಿತ್, ಮಸೇಗೊ, ಲಾಯ್ಲ್ ಕಾರ್ನರ್, ಲಾರಿನ್ ಹಿಲ್ ಇವರನ್ನೇ ಜಾಸ್ತಿ ಕೇಳುತ್ತಿದ್ದೇನೆ. ಇಂಥವರ ಬಗ್ಗೆ ಓದಲು ಹೋದರೆ ಎಲ್ಲ ಕಡೆ ಒಂದೇ ಮಾತು: ಸೋಲ್, ಹಿಪ್-ಹಾಪ್ ಮತ್ತು ಕೆರಿಬಿಯನ್ ಪರಂಪರೆಯನ್ನು ಬೆರೆಸುವ ಕಲಾವಿದರು. ಸೋಲ್ ನನಗೆ ಗೊತ್ತಾಗುತ್ತದೆ, ಹಿಪ್-ಹಾಪ್ ಗೊತ್ತಾಗುತ್ತದೆ. ಕೆರಿಬಿಯನ್ ಮಾತ್ರ ಎಷ್ಟೋ ಸಲ ಕಿವಿಗೆ ಸಿಗುವುದೇ ಇಲ್ಲ. ಅದು ನಿಜವಾಗಿ ಹಾಡಿನಲ್ಲಿದೆಯೋ, ಇಲ್ಲಾ ಅಪ್ಪ-ಅಮ್ಮ ಯಾವ ದೇಶದವರು ಅನ್ನುವುದಷ್ಟೆಯೋ? ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ:

ನಿಮ್ಮ ಅನುಮಾನ ಅರ್ಧ ಸರಿ. ಕಲಾವಿದರ ಪರಿಚಯ ಬರೆಯುವವರಿಗೆ ಜಾತಕ ನೋಡುವ ಚಟ ಇದೆ. ಅಪ್ಪ ಜಮೈಕಾದವರು ಅಂತ ಗೊತ್ತಾದರೆ ಸಾಕು, ಹಾಡಿನ ತುಂಬ ಸಮುದ್ರವೂ ತೆಂಗಿನಮರವೂ ಕಾಣತೊಡಗುತ್ತವೆ. ಇನ್ನರ್ಧ ಮಾತ್ರ ನಾನು ಒಪ್ಪುವುದಿಲ್ಲ. ನೀವು ಬಹುಶಃ ಕೆರಿಬಿಯನ್ ಅನ್ನು ಹಾಡಿನ ಮೇಲ್ಗಡೆ ಹುಡುಕುತ್ತಿದ್ದೀರಿ. ಗಿಟಾರಿನಲ್ಲಿ, ಉಚ್ಚಾರದಲ್ಲಿ, ಸ್ಟೀಲ್ ಡ್ರಮ್ಮಿನಲ್ಲಿ. ಅದು ಸಾಮಾನ್ಯವಾಗಿ ಇರುವುದು ಕೆಳಗಡೆ. ಬೇಸ್‌ನಲ್ಲಿ, ಡ್ರಮ್ಮು ಬಿಟ್ಟುಕೊಟ್ಟ ಖಾಲಿ ಜಾಗದಲ್ಲಿ, ಇನ್ನೊಬ್ಬರ ಹಾಡಿನ ಮೇಲೆ ತನ್ನ ಮಾತು ಕಟ್ಟುವ ರೀತಿಯಲ್ಲಿ.

ನಾನು ಹಲವು ವರ್ಷ ಲೈವ್ ಕಾರ್ಯಕ್ರಮಗಳಿಗೆ ಸೌಂಡ್ ಮಾಡಿದವನು. ಮಿಕ್ಸರ್ ಹಿಂದೆ ನಿಂತು ಕಲಿತದ್ದು ಇಷ್ಟು: ಜನ ಹೊಗಳುವುದು ಗಾಯಕರನ್ನು, ಕುಣಿಯುವುದು ಬೇಸ್‌ಗೆ. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಆ ಪುಟ್ಟ ಸ್ಪೀಕರು ಕೆಳಗಿನ ಸ್ವರಗಳನ್ನು ಹೊರಡಿಸುವುದೇ ಇಲ್ಲ. ಅಂದರೆ ಹಾಡಿನ ಕೆರಿಬಿಯನ್ ಭಾಗವನ್ನೇ ಅದು ಸೋಸಿ ಬಿಸಾಡುತ್ತದೆ. ಸಾಧಾರಣ ಇಯರ್‌ಫೋನ್ ಆದರೂ ಪರವಾಗಿಲ್ಲ, ಹಾಕಿಕೊಳ್ಳಿ.

ಇನ್ನೊಂದು ತಕರಾರು 'ಬೆರೆಸುವ' ಅನ್ನುವ ಮಾತಿನ ಬಗ್ಗೆ. ಮೂರು ಡಬ್ಬಿಯಿಂದ ಮೂರು ಪುಡಿ ತೆಗೆದು ಕಲಸಿದ ಹಾಗೆ ಅದು ಕೇಳಿಸುತ್ತದೆ. ಈ ಮೂರು ಬೇರೆ ಬೇರೆ ಡಬ್ಬಿಯಲ್ಲಿ ಯಾವತ್ತೂ ಇರಲಿಲ್ಲ. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಅಪ್ಪನಾದ ರಿದಮ್ ಆಂಡ್ ಬ್ಲೂಸ್ ರೇಡಿಯೋ ಹತ್ತಿ ಜಮೈಕಾಕ್ಕೆ ಹೋಯಿತು. ಅಲ್ಲಿಂದ ಸೌಂಡ್ ಸಿಸ್ಟಂ ಅನ್ನುವ ಪದ್ಧತಿ ನ್ಯೂಯಾರ್ಕಿಗೆ ಬಂತು. ಹಿಪ್-ಹಾಪ್ ಹುಟ್ಟಿತು. ನಿಮ್ಮ ಪಟ್ಟಿಯಲ್ಲಿರುವ ಕಲಾವಿದರು ಈ ನೆಂಟಸ್ತಿಕೆಯನ್ನು ಮತ್ತೆ ಕುದುರಿಸುತ್ತಿದ್ದಾರೆ, ಅಷ್ಟೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮಜಾ ಇರುವುದು ಅಲ್ಲೇ.

1950ರ ದಶಕ, ಜಮೈಕಾದ ರಾಜಧಾನಿ ಕಿಂಗ್‌ಸ್ಟನ್. ಬಡ ಬಡಾವಣೆಗಳ ಜನರಿಗೆ ಬ್ಯಾಂಡ್ ಕರೆಸುವಷ್ಟು ದುಡ್ಡಿಲ್ಲ. ಕೆಲವರು ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ, ಆಂಪ್ಲಿಫೈಯರ್, ಟರ್ನ್‌ಟೇಬಲ್ ಜೋಡಿಸಿಕೊಂಡು ಬಯಲಿನಲ್ಲಿ ರಾತ್ರಿಯೆಲ್ಲ ರೆಕಾರ್ಡು ಹಾಕತೊಡಗಿದರು. ಇದೇ ಸೌಂಡ್ ಸಿಸ್ಟಂ. ನಮ್ಮ ಊರುಗಳ ಮೈಕ್‌ಸೆಟ್ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾತ್ರೆ ಬಂತು, ಗಣಪತಿ ಬಂತು ಅಂದರೆ ಹಾರ್ನಿನ ಮೇಲೆ ಬಣ್ಣದಲ್ಲಿ ಹೆಸರು ಬರೆಸಿದ ಮೈಕ್‌ಸೆಟ್‌ನವನೇ ಹೀರೋ. ಯಾರ ಸೆಟ್ಟು ಮುಂದಿನ ಊರಿಗೂ ಕೇಳುತ್ತದೆ ಅನ್ನುವ ಜಿದ್ದು ಬೇರೆ. ಕಿಂಗ್‌ಸ್ಟನ್ನಿನಲ್ಲೂ ಅದೇ ಜಿದ್ದು. ಕಾಕ್ಸನ್ ಡಾಡ್ ಒಂದು ಕಡೆ, ಡ್ಯೂಕ್ ರೀಡ್ ಇನ್ನೊಂದು ಕಡೆ.

ಇವರು ಹಾಕುತ್ತಿದ್ದ ರೆಕಾರ್ಡುಗಳು ಅಮೆರಿಕದ ಕಪ್ಪು ಜನರ ರಿದಮ್ ಆಂಡ್ ಬ್ಲೂಸ್. ಮಯಾಮಿ, ನ್ಯೂ ಆರ್ಲಿಯನ್ಸ್ ಕಡೆಯ ರೇಡಿಯೋ ರಾತ್ರಿ ಹೊತ್ತು ಜಮೈಕಾದಲ್ಲಿ ಸಿಗುತ್ತಿತ್ತು. ಜನರಿಗೆ ಆ ಹಾಡುಗಳ ಹುಚ್ಚು ಹಿಡಿದಿತ್ತು. ಸೌಂಡ್ ಸಿಸ್ಟಂ ಯಜಮಾನರು ಅಮೆರಿಕಕ್ಕೇ ಹೋಗಿ ರೆಕಾರ್ಡು ಕೊಂಡು ತರುತ್ತಿದ್ದರು. ತಂದ ಮೇಲೆ ಅದರ ಲೇಬಲ್ ಕೆರೆದು ಹಾಕುತ್ತಿದ್ದರು, ಎದುರಾಳಿಗೆ ಹೆಸರು ಗೊತ್ತಾಗಬಾರದಲ್ಲ! ಕಾಕ್ಸನ್ ಹತ್ತಿರ ಒಂದು ಸ್ಯಾಕ್ಸೊಫೋನ್ ಹಾಡಿತ್ತು. ಅಮೆರಿಕದ ವಿಲ್ಲಿಸ್ ಜಾಕ್ಸನ್ ನುಡಿಸಿದ್ದು. ಲೇಬಲ್ ಕೆರೆದು ಅದಕ್ಕೆ ತನ್ನದೇ ಹೆಸರಿಟ್ಟು 'ಕಾಕ್ಸನ್ ಹಾಪ್' ಅಂತ ಮೆರೆಸಿದರು. ಅದು ಅವರ ಬ್ರಹ್ಮಾಸ್ತ್ರ. ಕೊನೆಗೊಂದು ದಿನ ಡ್ಯೂಕ್ ರೀಡ್ ಅದರ ನಿಜವಾದ ಹೆಸರು ಪತ್ತೆ ಹಚ್ಚಿ, ತಾವೂ ತರಿಸಿ, ಎಲ್ಲರ ಮುಂದೆ ಹಾಕಿಬಿಟ್ಟರು. ಕಾಕ್ಸನ್ ಮುಖ ಹೇಗಾಗಿರಬೇಡ!

ಅಂದರೆ ಜಮೈಕಾದ ರೆಗೆ ಗಾಯಕ ಬಾಬ್ ಮಾರ್ಲಿಯ ತಲೆಮಾರು ಬೆಳೆದದ್ದೇ ಅಮೆರಿಕದ ಹಾಡು ಕೇಳಿ. ಮಾರ್ಲಿ, ಪೀಟರ್ ಟಾಶ್, ಬನ್ನಿ ವೇಲರ್ ಮೂವರ ದನಿಗೂಡಿಸುವ ಮಾದರಿ ಶಿಕಾಗೋದ ಸೋಲ್ ತಂಡ 'ದಿ ಇಂಪ್ರೆಶನ್ಸ್'. ಆ ತಂಡದ ಕರ್ಟಿಸ್ ಮೇಫೀಲ್ಡ್ ಬರೆದ 'ಪೀಪಲ್ ಗೆಟ್ ರೆಡಿ' ಹಾಡಿನ ಸಾಲುಗಳು ಮಾರ್ಲಿಯ 'ವನ್ ಲವ್' ಒಳಗೇ ಇವೆ. 1977ರ ಆಲ್ಬಂನಲ್ಲಿ ಎರಡೂ ಹೆಸರನ್ನು ಜೋಡಿಸಿಯೇ ಅಚ್ಚು ಹಾಕಿದ್ದಾರೆ. ಜಗತ್ತು ಅಪ್ಪಟ ರೆಗೆ ಅಂದುಕೊಂಡ ಹಾಡಿನ ಹೊಟ್ಟೆಯಲ್ಲಿ ಸೋಲ್ ಕೂತಿದೆ.

ಈಗ 'ರಿಡಿಮ್' ಅನ್ನುವ ಪದಕ್ಕೆ ಬರೋಣ. ಇದೊಂದು ಗೊತ್ತಾದರೆ ನಿಮ್ಮ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿದಂತೆ. 1960ರ ದಶಕದ ಕೊನೆಯಲ್ಲಿ ಒಂದು ಜನಪ್ರಿಯ ಹಾಡಿನ ಪ್ರತಿ ತೆಗೆಯುವಾಗ ಸ್ಟುಡಿಯೋದವರು ಕೈತಪ್ಪಿ ಗಾಯನದ ಭಾಗ ಬಿಟ್ಟರಂತೆ. ಬರೀ ವಾದ್ಯ ಉಳಿಯಿತು. ಅದನ್ನು ಬಯಲಿನಲ್ಲಿ ಹಾಕಿದಾಗ ಜನ ತಾವೇ ಹಾಡತೊಡಗಿದರು. ಆಮೇಲೆ ಹಾಡಿನ ರೆಕಾರ್ಡಿನ ಹಿಂಬದಿಗೆ ಈ ಬರೀ ವಾದ್ಯದ ರೂಪವನ್ನೇ ಹಾಕುವುದು ರೂಢಿಯಾಯಿತು. ಅದಕ್ಕೆ 'ವರ್ಷನ್' ಅಂದರು. ಅದರಲ್ಲಿನ ಡ್ರಮ್ಮು-ಬೇಸಿನ ಮಟ್ಟೇ 'ರಿಡಿಮ್'. ಆ ವರ್ಷನ್ ಮೇಲೆ ಮೈಕ್ ಹಿಡಿದು ತಾಳಕ್ಕೆ ಸರಿಯಾಗಿ ಮಾತು ಹೊಸೆಯುವುದೇ 'ಟೋಸ್ಟಿಂಗ್'. 1970ರಲ್ಲಿ ಯು-ರಾಯ್ ಅನ್ನುವವರ ಇಂಥ ಮೂರು ಹಾಡು ಜಮೈಕಾದ ಪಟ್ಟಿಯ ಮೊದಲ ಮೂರು ಜಾಗ ಒಟ್ಟಿಗೇ ಹಿಡಿದವು. ಮೂರೂ ಬೇರೆಯವರ ಹಳೇ ಹಾಡುಗಳ ಮೇಲೆ ಕಟ್ಟಿದ ಮಾತು.

ಈ ಅಭ್ಯಾಸ ನಮಗೆ ಹೊಸದೇನಲ್ಲ. ಭಜನೆ ಪುಸ್ತಕ ತೆಗೆದು ನೋಡಿ. ಹಾಡಿನ ತಲೆಯ ಮೇಲೆ 'ಇಂಥ ಹಾಡಿನ ಧಾಟಿ' ಅಂತ ಬರೆದಿರುತ್ತದೆ. ಕಂಪನಿ ನಾಟಕದವರೂ ಹೆಸರಾದ ಮಟ್ಟಿಗೆ ತಮ್ಮ ಮಾತು ಕೂರಿಸಿದರು. ಮಟ್ಟು ಯಾರದೋ, ಮಾತು ನಮ್ಮದು. ಜಮೈಕಾದವರು ಒಂದು ಹೆಜ್ಜೆ ಮುಂದೆ ಹೋದರು. ಮಟ್ಟನ್ನು ಹೊಸದಾಗಿ ನುಡಿಸುವ ಬದಲು ಆ ರೆಕಾರ್ಡಿಂಗನ್ನೇ ಎತ್ತಿಕೊಂಡರು. ಒಂದು ರಿಡಿಮ್ ಮೇಲೆ ನೂರು ಜನ ನೂರು ಹಾಡು ಕಟ್ಟಿದರೂ ಯಾರೂ ಕದ್ದ ಮಾಲು ಅನ್ನುವುದಿಲ್ಲ. ಯಾರು ಚೆನ್ನಾಗಿ ಕಟ್ಟಿದರು ಅನ್ನುವುದಷ್ಟೇ ಲೆಕ್ಕ. ಗೀಗೀ ಪದದ ಹರದೇಶಿ-ನಾಗೇಶಿ ವಾದ ಕೇಳಿದವರಿಗೆ ಆ ಹುರುಪು ಗೊತ್ತಿರುತ್ತದೆ.

ಮುಂದಿನ ಕಥೆ ನಿಮಗೆ ತಿಳಿದಿರಬಹುದು. 1955ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಪ್‌ಬೆಲ್ 12ನೇ ವಯಸ್ಸಿಗೆ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದರು. ಡಿಜೆ ಕೂಲ್ ಹರ್ಕ್ ಆದರು. 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದ ಹಾಲ್‌ನಲ್ಲಿ ಅವರ ತಂಗಿ ಸಿಂಡಿ ಒಂದು ಪಾರ್ಟಿ ಇಟ್ಟಳು. ಸ್ಕೂಲು ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಿಪ್-ಹಾಪ್ ಹುಟ್ಟಿದ ದಿನ ಅಂತ ಜನ ಹೇಳುವುದು ಇದನ್ನೇ. ಹರ್ಕ್ ಜಮೈಕಾದಿಂದ ತಂದದ್ದು ದೊಡ್ಡ ಬೇಸ್ ಪೆಟ್ಟಿಗೆಗಳ ಆಸೆ, ಮತ್ತು ಜನ ಯಾವ ತುಣುಕಿಗೆ ಕುಣಿಯುತ್ತಾರೋ ಆ ತುಣುಕನ್ನೇ ಹಿಗ್ಗಿಸುವ ಬುದ್ಧಿ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಡ್ರಮ್ಮಿನ ಭಾಗ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಹಾಕುತ್ತಿದ್ದರು. ಬ್ರಾಂಕ್ಸ್ ಜನಕ್ಕೆ ರೆಗೆ ಹಿಡಿಸಲಿಲ್ಲ. ಹಾಗಾಗಿ ಜೇಮ್ಸ್ ಬ್ರೌನ್ ಅವರ ಫಂಕ್ ಹಾಕಿದರು. 'ಅಪಾಚಿ' ಅನ್ನುವ ವಾದ್ಯದ ಹಾಡು ಅವರ ಅಸ್ತ್ರಗಳಲ್ಲೊಂದು. ಅದರ ಬೊಂಗೊ ನುಡಿಸಿದ ಕಿಂಗ್ ಎರಿಸನ್ ಬಹಾಮಾಸ್ ದ್ವೀಪದವರು. ನೋಡಿ, ರೆಗೆ ಬೇಡ ಅಂದ ಜನ ಕುಣಿದದ್ದು ಮತ್ತೆ ಕೆರಿಬಿಯನ್ ಕೈಗಳಿಗೇ.

ಒಂದು ಎಚ್ಚರಿಕೆ. 'ರ‍್ಯಾಪ್ ಅಂದರೆ ಜಮೈಕಾದ ಟೋಸ್ಟಿಂಗ್' ಅಂತ ನೇರ ಗೆರೆ ಎಳೆಯುವವರಿದ್ದಾರೆ. ಅಷ್ಟು ಸಲೀಸಲ್ಲ. ಸ್ವತಃ ಹರ್ಕ್ ಒಂದು ಹಳೇ ಸಂದರ್ಶನದಲ್ಲಿ ಆ ನಂಟನ್ನು ಅಲ್ಲಗಳೆದಿದ್ದರು. ಅಮೆರಿಕದ ಕಪ್ಪು ರೇಡಿಯೋ ಡಿಜೆಗಳು ಮೊದಲೇ ಪ್ರಾಸ ಹೊಡೆದು ಮಾತಾಡುತ್ತಿದ್ದರು. ಜಮೈಕಾದ ಮೊದಲ ಟೋಸ್ಟರುಗಳು ಕಲಿತದ್ದೂ ಅವರನ್ನು ಕೇಳಿಯೇ. ಯಾರಿಂದ ಯಾರಿಗೆ ಹೋಯಿತು ಅಂತ ಕೇಳಿದರೆ ಕೈ ಕೈ ದಾಟಿತು ಅನ್ನಬೇಕು, ಅಷ್ಟೆ. ಅಲ್ಲಿಂದ ಮುಂದೆ ನ್ಯೂಯಾರ್ಕಿನ ರ‍್ಯಾಪ್‌ನಲ್ಲಿ ಕೆರಿಬಿಯನ್ ಮನೆಗಳ ಮಕ್ಕಳು ಎಷ್ಟೊಂದು! ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಹುಟ್ಟಿದ್ದು ಬಾರ್ಬಡೋಸ್‌ನಲ್ಲಿ. ನಟೋರಿಯಸ್ ಬಿಐಜಿ, ಬಸ್ಟಾ ರೈಮ್ಸ್ ಇಬ್ಬರ ಅಪ್ಪ-ಅಮ್ಮಂದಿರೂ ಜಮೈಕಾದವರು.

ಈಗ ನಿಮ್ಮ ಪಟ್ಟಿಯ ಲಾರಿನ್ ಹಿಲ್. ಇವರನ್ನು ಮೊದಲು ಎತ್ತಿಕೊಳ್ಳಲು ಕಾರಣವಿದೆ. ಇವರ ಜಾತಕದಲ್ಲಿ ಕೆರಿಬಿಯನ್ ಇಲ್ಲ. ನ್ಯೂಜೆರ್ಸಿಯ ಹುಡುಗಿ. 'ಫ್ಯೂಜೀಸ್' ತಂಡದ ಜೊತೆಗಾರರಾದ ವೈಕ್ಲೆಫ್ ಜಾನ್ ಹುಟ್ಟಿದ್ದು ಹೈಟಿಯಲ್ಲಿ, ಪ್ರಾಸ್ ಕೂಡ ಹೈಟಿಯ ಕುಟುಂಬದವರು. ತಂಡದ ಹೆಸರು ಬಂದದ್ದೇ 'ರೆಫ್ಯೂಜಿ' ಪದದಿಂದ. ಹೈಟಿಯಿಂದ ಬಂದವರನ್ನು ಹೀಯಾಳಿಸಲು ಬಳಸುತ್ತಿದ್ದ ಪದವನ್ನು ಅವರು ಹಣೆಗೆ ಹಚ್ಚಿಕೊಂಡರು. 1998ರಲ್ಲಿ ಬಂದ ತಮ್ಮ ಒಂಟಿ ಆಲ್ಬಂನ ಒಂದಷ್ಟು ಭಾಗವನ್ನು ಹಿಲ್ ಕಿಂಗ್‌ಸ್ಟನ್ನಿನಲ್ಲಿ, ಮಾರ್ಲಿ ಕುಟುಂಬದ ಟಫ್ ಗಾಂಗ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಮಾರನೇ ವರ್ಷ ಅದಕ್ಕೆ ಐದು ಗ್ರ್ಯಾಮಿ ಬಂತು. ವರ್ಷದ ಆಲ್ಬಂ ಪ್ರಶಸ್ತಿ ಹಿಪ್-ಹಾಪ್ ಆಲ್ಬಂ ಒಂದಕ್ಕೆ ಸಿಕ್ಕಿದ್ದು ಅದೇ ಮೊದಲು.

ಅದರಲ್ಲಿ 'ಲಾಸ್ಟ್ ವನ್ಸ್' ಅಂತ ಒಂದು ಹಾಡಿದೆ. ನಿಮಗೆ ಮನೆಗೆಲಸ ಕೊಡುವುದಾದರೆ ಇದನ್ನೇ ಕೊಡುತ್ತೇನೆ. ಮೊದಲು ಇದನ್ನು ಕೇಳಿ. ಮಾತು ಹಿಪ್-ಹಾಪ್, ಆದರೆ ಕೊನೆಯ ಪದಗಳನ್ನು ಎಳೆದು ಬಿಡುವ ರೀತಿ ಬೇರೆ. ಆಮೇಲೆ 1982ರ 'ಬ್ಯಾಮ್ ಬ್ಯಾಮ್' ಕೇಳಿ, ಹಾಡಿದವರು ಜಮೈಕಾದ ಸಿಸ್ಟರ್ ನ್ಯಾನ್ಸಿ. ಹಿಲ್ ಆ ಧಾಟಿಯನ್ನು ಎಲ್ಲಿಂದ ತಂದರು ಅನ್ನುವುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನ್ಯಾನ್ಸಿ ಹಾಡಿದ್ದು 'ಸ್ಟಾಲಾಗ್' ಅನ್ನುವ ಇನ್ನೂ ಹಳೇ ರಿಡಿಮ್ ಮೇಲೆ. ಅದು 1970ರ ದಶಕದ ಆನ್ಸೆಲ್ ಕಾಲಿನ್ಸ್ ಅವರ ವಾದ್ಯದ ತುಣುಕು. 'ಬ್ಯಾಮ್ ಬ್ಯಾಮ್' ಅನ್ನುವ ಪಲ್ಲವಿಯೂ ನ್ಯಾನ್ಸಿಯದಲ್ಲ. 1966ರಲ್ಲಿ ಜಮೈಕಾ ಸ್ವಾತಂತ್ರ್ಯೋತ್ಸವದ ಹಾಡಿನ ಸ್ಪರ್ಧೆ ಗೆದ್ದ ಟೂಟ್ಸ್ ಮತ್ತು ಮೇಟಲ್ಸ್ ತಂಡದ ಪಲ್ಲವಿ ಅದು. ಅದೇ ರಿಡಿಮ್ ಮೇಲೆ 1985ರಲ್ಲಿ ಟೆನರ್ ಸಾ 'ರಿಂಗ್ ದಿ ಅಲಾರಂ' ಹಾಡಿದರು. 2016ರಲ್ಲಿ ಕಾನ್ಯೆ ವೆಸ್ಟ್ ನ್ಯಾನ್ಸಿಯ ದನಿಯನ್ನೇ ತಮ್ಮ ಹಾಡಿಗೆ ಹಾಕಿಕೊಂಡರು. 2017ರಲ್ಲಿ ಜೇ-ಝೀ ಡೇಮಿಯನ್ ಮಾರ್ಲಿಯನ್ನು ಕರೆದುಕೊಂಡು ಮತ್ತೆ ಅದಕ್ಕೇ ಬಂದರು. ಒಂದು ಮಟ್ಟು, 50 ವರ್ಷ, ಎರಡು ದೇಶ.

ನ್ಯಾನ್ಸಿಯ ಕಥೆಯಲ್ಲಿ ಒಂದು ಕಹಿ ತುಣುಕೂ ಇದೆ. ಹಾಡು ಲೋಕವೆಲ್ಲ ಸುತ್ತುತ್ತಿದ್ದಾಗ ಆಕೆ ಅಮೆರಿಕದಲ್ಲಿ ಬ್ಯಾಂಕ್ ನೌಕರಿ ಮಾಡಿಕೊಂಡಿದ್ದರು. ಹಾಡಿನಿಂದ ಬಿಡಿಗಾಸೂ ಬರುತ್ತಿರಲಿಲ್ಲ. 30 ವರ್ಷ ಕಳೆದ ಮೇಲೆ ಒಂದು ಶೂ ಜಾಹೀರಾತಿನಲ್ಲಿ ತನ್ನದೇ ದನಿ ಕೇಳಿ, ವಕೀಲರನ್ನು ಹಿಡಿದು, ಹಕ್ಕಿನಲ್ಲಿ ಪಾಲು ಪಡೆದರು. ರಿಡಿಮ್ ಎಲ್ಲರದು ಅನ್ನುವ ಜಮೈಕಾದ ರೂಢಿ ಕೇಳಲು ಚೆಂದ. ಕಾಗದಪತ್ರ ಮಾಡಿಕೊಂಡವರಿಗೆ ದುಡ್ಡು, ಹಾಡಿದವರಿಗೆ ಚಪ್ಪಾಳೆ ಅನ್ನುವುದು ಅದೇ ರೂಢಿಯ ಇನ್ನೊಂದು ಮುಖ. 'ಪರಂಪರೆ' ಅಂತ ಬರೆಯುವವರು ಇದನ್ನು ಬರೆಯುವುದು ಕಡಿಮೆ.

ಇನ್ನು ಲಂಡನ್. ಅಲ್ಲಿನ ರುಚಿ ಬೇರೆ. 1948ರ ಜೂನ್‌ನಲ್ಲಿ 'ಎಂಪೈರ್ ವಿಂಡ್‌ರಶ್' ಹಡಗು ಟಿಲ್ಬರಿ ಬಂದರಿಗೆ ಬಂತು. ಯುದ್ಧ ಮುಗಿದ ಬ್ರಿಟನ್‌ಗೆ ಕೆಲಸಗಾರರು ಬೇಕಿದ್ದರು. ಕೆರಿಬಿಯನ್ ದ್ವೀಪಗಳಿಂದ ಜನ ಬಂದರು, ಅವರ ಹಿಂದೆಯೇ ಸೌಂಡ್ ಸಿಸ್ಟಂ ಬಂತು. ಬಿಳಿಯರ ಕ್ಲಬ್ಬುಗಳ ಬಾಗಿಲು ಇವರಿಗೆ ತೆರೆಯುತ್ತಿರಲಿಲ್ಲ. ಹಾಗಾಗಿ ಮನೆಯ ನೆಲಮಾಳಿಗೆಯಲ್ಲೇ ಸ್ಪೀಕರು ಜೋಡಿಸಿದರು. 1970ರ ದಶಕದಲ್ಲಿ ಇವರ ಮಕ್ಕಳು 'ಲವರ್ಸ್ ರಾಕ್' ಕಟ್ಟಿದರು. ಕೆಳಗೆ ರೆಗೆಯ ಡ್ರಮ್ಮು-ಬೇಸ್, ಮೇಲೆ ಸೋಲ್‌ನ ಪ್ರೇಮಗೀತೆ. ಹಾಡಿದವರು ಬಹುಪಾಲು ಹದಿಹರೆಯದ ಹುಡುಗಿಯರು. 1979ರಲ್ಲಿ ಜಾನೆಟ್ ಕೇ ಹಾಡಿದ 'ಸಿಲ್ಲಿ ಗೇಮ್ಸ್' ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಜಾಗಕ್ಕೇರಿತು. ಅದರ ಹಿಂದಿದ್ದ ಡೆನಿಸ್ ಬೊವೆಲ್ ಬಾರ್ಬಡೋಸ್‌ನಲ್ಲಿ ಹುಟ್ಟಿದವರು. ನನ್ನ ಮಟ್ಟಿಗೆ ಈ ಇಡೀ ವಂಶಾವಳಿಯಲ್ಲಿ ಅತಿ ಹೆಚ್ಚು ಕಡೆಗಣಿಸಿದ ಕೊಂಡಿ ಲವರ್ಸ್ ರಾಕ್. ಹುಡುಗಿಯರ ಪ್ರೇಮದ ಹಾಡು ಅಂತ ಪತ್ರಿಕೆಯವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹತ್ತು ವರ್ಷ ಬಿಟ್ಟು 'ಸೋಲ್ ಟು ಸೋಲ್' ಬಂತು. ಅದು ಬ್ಯಾಂಡ್ ಆಗುವ ಮೊದಲು ಒಂದು ಸೌಂಡ್ ಸಿಸ್ಟಂ. ಕಟ್ಟಿದ ಜ್ಯಾಜಿ ಬಿ ಅವರ ಹೆತ್ತವರು ಆಂಟಿಗಾದವರು. 1989ರ 'ಬ್ಯಾಕ್ ಟು ಲೈಫ್' ಹಾಡಿನಲ್ಲಿ ಹಿಪ್-ಹಾಪ್ ಡ್ರಮ್ಮು, ರೆಗೆಯ ಬೇಸ್, ಕ್ಯಾರನ್ ವೀಲರ್ ಅವರ ಸೋಲ್ ಕಂಠ ಮೂರೂ ಇವೆ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. ಈಗ ನೀವು ಕೇಳುವ ಇಂಗ್ಲೆಂಡಿನ ಗಾಯಕಿಯರ ಅಜ್ಜಿಮನೆ ಅದು.

ಜೋರ್ಜಾ ಸ್ಮಿತ್ ಆ ಮನೆಯವರೇ. 1997ರಲ್ಲಿ ವಾಲ್ಸಾಲ್ ಅನ್ನುವ ಸಾಧಾರಣ ಊರಿನಲ್ಲಿ ಹುಟ್ಟಿದವರು. ತಂದೆಯ ಕಡೆ ಜಮೈಕಾ, ಅವರೂ ಒಂದು ನಿಯೋ-ಸೋಲ್ ತಂಡದಲ್ಲಿ ಹಾಡುತ್ತಿದ್ದವರು. 2016ರ 'ಬ್ಲೂ ಲೈಟ್ಸ್' ಹಾಡನ್ನು ನೀವು ಖಂಡಿತ ಕೇಳಿರುತ್ತೀರಿ. ಪೊಲೀಸ್ ಗಾಡಿಯ ನೀಲಿ ದೀಪ ಕಂಡರೆ ತಪ್ಪು ಮಾಡದ ಕಪ್ಪು ಹುಡುಗನೂ ಯಾಕೆ ಓಡುತ್ತಾನೆ ಅನ್ನುವುದು ವಸ್ತು. ಅದರಲ್ಲಿ ರೆಗೆ ಹುಡುಕಿದರೆ ಸಿಗುವುದಿಲ್ಲ. ಆದರೆ ಅವರು ಡಿಜ್ಜಿ ರಾಸ್ಕಲ್‌ನ 'ಸೈರೆನ್ಸ್' ರ‍್ಯಾಪಿನ ತುಣುಕನ್ನು ಎತ್ತಿ, ಅದರ ಸುತ್ತ ಸೋಲ್ ಹಾಡು ಕಟ್ಟಿ, ಹಳೇ ಹಾಡಿಗೆ ಉತ್ತರ ಕೊಡುತ್ತಾರೆ. ಹಳೇ ರೆಕಾರ್ಡಿನ ಮೇಲೆ ನಿಂತು ಮಾತಾಡುವುದು. ಇದೇ ರಿಡಿಮ್ ಬುದ್ಧಿ. ಕಿವಿಗೆ ನೇರವಾಗಿ ಬೇಕೆಂದರೆ 2023ರ 'ಗ್ರೇಟೆಸ್ಟ್ ಗಿಫ್ಟ್' ಕೇಳಿ. ಜಮೈಕಾದ ಲೀಲಾ ಐಕೆ ಜೊತೆ ಹಾಡಿದ್ದು.

ಲಾಯ್ಲ್ ಕಾರ್ನರ್ ವಿಷಯದಲ್ಲಿ ನಿಮಗೆ ಕೆರಿಬಿಯನ್ ಸಿಗದೇ ಇದ್ದರೆ ಅದು ನಿಮ್ಮ ಕಿವಿಯ ತಪ್ಪಲ್ಲ. ಅವರ ಬೀಟುಗಳು ಮೆತ್ತನೆಯ ಜ್ಯಾಝ್, ಸೋಲ್. ಆತ ಬೆಳೆದದ್ದು ದಕ್ಷಿಣ ಲಂಡನ್ನಿನಲ್ಲಿ, ಬಿಳಿಯ ತಾಯಿಯ ಮನೆಯಲ್ಲಿ. ಗಯಾನಾ (ದಕ್ಷಿಣ ಅಮೆರಿಕದಲ್ಲಿರುವ ಕೆರಿಬಿಯನ್ ದೇಶ) ಮೂಲದ ತಂದೆ ಬಹುಕಾಲ ದೂರವೇ ಇದ್ದರು. ಆ ದೂರವೇ 2022ರ 'ಹ್ಯೂಗೊ' ಆಲ್ಬಂನ ವಸ್ತು. ಅದರಲ್ಲಿ 'ಜಾರ್ಜ್‌ಟೌನ್' ಅನ್ನುವ ಹಾಡಿದೆ, ಗಯಾನಾದ ರಾಜಧಾನಿಯ ಹೆಸರು. ಶುರುವಾಗುವುದು ಗಯಾನಾದ ಕವಿ ಜಾನ್ ಅಗಾರ್ಡ್ ದನಿಯಲ್ಲಿ. 'ಹಾಫ್-ಕಾಸ್ಟ್' (ಅರ್ಧ ಬಿಳಿ, ಅರ್ಧ ಕಪ್ಪು) ಅನ್ನುವ ಬೈಗುಳವನ್ನು ತಮಾಷೆಯಾಗಿ ಬಿಚ್ಚಿ ಬಿಸಾಡುವ ಪದ್ಯ. ಇಲ್ಲಿ ಪರಂಪರೆ ತಾಳದಲ್ಲಿಲ್ಲ, ಮಾತಿನಲ್ಲಿದೆ. ಕೈಗೆ ಸಿಗದ ಅಪ್ಪನ ಮನೆಯನ್ನು ಹುಡುಕಿಕೊಂಡು ಹೋಗುವ ಮಾತು.

ಗಯಾನಾ ಅಂದ ಕೂಡಲೇ ನಮ್ಮವರ ನೆನಪು ಬರಲೇಬೇಕು. 1838ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಕೂಲಿ ಒಪ್ಪಂದದ ಮೇಲೆ ಭಾರತದಿಂದ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಹಡಗಿನಲ್ಲಿ ಅಲ್ಲಿಗೆ ಸಾಗಿಸಿದರು. 1845ರಿಂದ ಟ್ರಿನಿಡಾಡ್‌ಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಬಹುಪಾಲು ಕಲ್ಕತ್ತಾದಿಂದ, ಒಂದಷ್ಟು ಜನ ಮದ್ರಾಸಿನಿಂದ. ಅವರ ಜೊತೆ ತಾಷಾ ಹೋಯಿತು. ನಮ್ಮ ಉತ್ತರ ಕರ್ನಾಟಕದ ಮೊಹರಂನಲ್ಲಿ ಬಾರಿಸುವ ಅದೇ ಕುಲದ ವಾದ್ಯ ಟ್ರಿನಿಡಾಡ್‌ನಲ್ಲಿ 'ಟಾಸಾ' ಆಗಿ ಅಲ್ಲಿನ ಮೊಹರಂನಲ್ಲೂ ಮದುವೆಯಲ್ಲೂ ಮೊಳಗುತ್ತದೆ. 1970ರ ದಶಕದ ಆರಂಭದಲ್ಲಿ ಲಾರ್ಡ್ ಶಾರ್ಟಿ ಅನ್ನುವ ಕಪ್ಪು ಗಾಯಕ ಅಲ್ಲಿನ ಕ್ಯಾಲಿಪ್ಸೊ ಹಾಡಿಗೆ ಭಾರತೀಯರ ಡೋಲಕ್, ಕಬ್ಬಿಣದ ಸರಳಿನ ತಾಳವಾದ್ಯ ಧಂತಾಲ್ ಸೇರಿಸಿ 'ಸೋಕಾ' ಕಟ್ಟಿದರು. 'ಸೋ' ಕ್ಯಾಲಿಪ್ಸೊದ ಬಾಲ, 'ಕಾ' ಭಾರತೀಯ ತಾಳದ ಗುರುತು. ಆಮೇಲೆ ಪತ್ರಿಕೆಯವರು 'ಸೋಲ್ ಕ್ಯಾಲಿಪ್ಸೊ' ಅಂತ ಓದಿಕೊಂಡರು. ಭಾರತದ ಪಾಲನ್ನು ಅಳಿಸಿ ಸೋಲ್‌ಗೆ ಕೊಟ್ಟ ಹಾಗಾಯಿತು, ಅಲ್ವಾ? ಟ್ರಿನಿಡಾಡ್‌ನಲ್ಲಿ ಹುಟ್ಟಿದ ನಿಕಿ ಮಿನಾಜ್ ಅವರ ಮನೆಹೆಸರು ಮೂಲದಲ್ಲಿ 'ಮರಾಜ್', ಅಂದರೆ ನಮ್ಮ 'ಮಹಾರಾಜ್'. ಹಿಪ್-ಹಾಪ್‌ನ ದೊಡ್ಡ ಹೆಸರೊಂದರಲ್ಲಿ ಆ ಕೂಲಿ ಹಡಗಿನ ಗುರುತು ಉಳಿದಿದೆ.

ಟೊರೊಂಟೊ ಮೂರನೇ ಊರು. 1955ರಿಂದ ಕೆನಡಾ ಜಮೈಕಾ, ಬಾರ್ಬಡೋಸ್‌ನ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ಕರೆಸಿಕೊಂಡಿತು. ಆ ಊರಿನ ಹುಡುಗರ ಬೀದಿ ಭಾಷೆಯಲ್ಲಿ ಇವತ್ತಿಗೂ ಜಮೈಕಾದ ಪದಗಳಿವೆ. ಅಲ್ಲಿನದು ಒಂದೇ ಹಾಡು ನೋಡಿ ಸಾಕು. 2016ರ 'ವರ್ಕ್'. ಹಾಡಿದ ರಿಹಾನಾ ಬಾರ್ಬಡೋಸ್‌ನವರು. ಬರೆದವರಲ್ಲಿ ಪ್ರಮುಖರಾದ ಪಾರ್ಟಿನೆಕ್ಸ್ಟ್‌ಡೋರ್ ಟೊರೊಂಟೊ ಪಕ್ಕದವರು, ಕೆರಿಬಿಯನ್ ಹೆತ್ತವರ ಮಗ. ಬೀಟ್ ಕಟ್ಟಿದ ಬಾಯ್-ವಂಡಾ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ಟೊರೊಂಟೊದಲ್ಲಿ ಬೆಳೆದವರು. ಹಾಡಿನೊಳಗೆ 1980ರ ದಶಕದ ಅಲೆಕ್ಸಾಂಡರ್ ಓನೀಲ್ ಅವರ ಸೋಲ್ ಹಾಡಿನ ತುಣುಕಿದೆ, ಡ್ರೇಕ್ ರ‍್ಯಾಪ್ ಇದೆ, ಕೆಳಗೆ ಜಮೈಕಾದ ಕುಣಿತದ ಸಂಗೀತವಾದ ಡ್ಯಾನ್ಸ್‌ಹಾಲ್‌ನ ತಾಳ. ಒಂಬತ್ತು ವಾರ ಅಮೆರಿಕದ ಮೊದಲ ಸ್ಥಾನದಲ್ಲಿತ್ತು. ಅಷ್ಟಾದರೂ ಅನೇಕರು 'ಏನು ಗೊಣಗುತ್ತಾಳೆ, ಪದವೇ ಅರ್ಥವಾಗಲ್ಲ' ಅಂತ ನಕ್ಕರು. ಆಕೆ ಗೊಣಗಿರಲಿಲ್ಲ. ಮನೆಯ ಭಾಷೆಯಲ್ಲಿ ಹಾಡಿದ್ದರು. ಕುಂದಾಪ್ರ ಕನ್ನಡ ಕೇಳಿ 'ಇದೆಂಥಾ ಕನ್ನಡ' ಅಂತ ನಗುವ ಬೆಂಗಳೂರಿನವರ ಹಾಗೆ ಆ ನಗು.

ಈಗ ಕಿವಿಯ ಕೆಲಸ. ಎರಡು ತಾಳ ಕಲಿತರೆ ಸಾಕು. ಒಂದು, ಡ್ಯಾನ್ಸ್‌ಹಾಲ್ ತಾಳ. ಎಂಟು ಮಾತ್ರೆಯನ್ನು 3, 3, 2 ಅಂತ ಒಡೆಯುತ್ತದೆ. ನೀವು ಒಂದಿಷ್ಟು ಮೃದಂಗದ ಪಾಠ ಕೇಳಿದ್ದರೆ ಬಾಯಲ್ಲಿ ಹೇಳಿ: ತಕಿಟ ತಕಿಟ ತಕ. ಕೈಯಲ್ಲಿ ನಾಲ್ಕು ಸಮನಾದ ಪೆಟ್ಟು ಹಾಕುತ್ತಾ ಇದನ್ನೇ ಹೇಳುತ್ತಿರಿ. 'ವರ್ಕ್' ಹಾಡಿನ ಜೊತೆ ಕೂಡುತ್ತದೆ. ಸೋಕಾದಲ್ಲೂ ಇದೇ ಗುಂಪಿನ ಒಡೆತ ಓಡುತ್ತಾ ಬರುತ್ತದೆ.

ಎರಡನೆಯದು 'ವನ್ ಡ್ರಾಪ್', ರೆಗೆಯ ಹೃದಯ. ನಾಲ್ಕು ಎಣಿಸಿ. ಬೇರೆ ಹಾಡುಗಳಲ್ಲಿ 'ಒಂದು' ಅನ್ನುವಾಗ ದೊಡ್ಡ ಡ್ರಮ್ಮು ಬೀಳುತ್ತದೆ, ನಮ್ಮ ಸಮದ ಹಾಗೆ. ವನ್ ಡ್ರಾಪ್‌ನಲ್ಲಿ 'ಒಂದು' ಖಾಲಿ. 'ಮೂರು' ಅನ್ನುವಾಗ ಧಬ್ ಅಂತ ಬೀಳುತ್ತದೆ. ಆ ಖಾಲಿ ಜಾಗದಲ್ಲಿ ಬೇಸ್ ಓಡಾಡುತ್ತದೆ. ಇದನ್ನು ಒಮ್ಮೆ ಹಿಡಿದರೆ ಲವರ್ಸ್ ರಾಕ್, ಲಾರಿನ್ ಹಿಲ್, ಈಗಿನ ಲಂಡನ್ನಿನ ನಿಧಾನ ಗತಿಯ ಹಾಡುಗಳಲ್ಲೆಲ್ಲ ಆ ಖಾಲಿತನ ಅಲ್ಲಲ್ಲಿ ಸಿಗುತ್ತದೆ. ಪೂರ್ತಿ ವನ್ ಡ್ರಾಪ್ ಇರಬೇಕೆಂದೇನಿಲ್ಲ. ಡ್ರಮ್ಮು ಸ್ವಲ್ಪ ಹಿಂದೆ ಸರಿದು ಬೇಸ್‌ಗೆ ದಾರಿ ಬಿಟ್ಟರೂ ಅದು ಆ ಕಡೆಯ ಪಾಠವೇ.

ಮಸೇಗೊ ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹುಟ್ಟಿದ್ದು ಕಿಂಗ್‌ಸ್ಟನ್, ಬೆಳೆದದ್ದು ಅಮೆರಿಕದ ವರ್ಜೀನಿಯಾ. ಹೆಸರು ತಂದುಕೊಟ್ಟ 2017ರ 'ಟಡಾವ್' ಫ್ರಾನ್ಸಿನ ಸಂಗೀತಗಾರ ಎಫ್‌ಕೆಜೆ ಜೊತೆ ಸ್ಟುಡಿಯೋದಲ್ಲಿ ಕೂತು ಅಲ್ಲೇ ಹೊಸೆದದ್ದು. ಸ್ಯಾಕ್ಸೊಫೋನ್, ಸೋಲ್, ಹಿಪ್-ಹಾಪ್ ಎಲ್ಲ ಇದೆ. ಜಮೈಕಾ ಹುಡುಕಿದರೆ ಸುಮ್ನೆ ಕಾಲಹರಣ. ಹಾಡು ಸೊಗಸಾಗಿದೆ, ಅಷ್ಟು ಸಾಕು. ನಿಮ್ಮ ಪಟ್ಟಿಯಲ್ಲಿಲ್ಲದ, ಬೀಟ್ ಕಟ್ಟುವ ಕೇಟ್ರನಾಡಾ ಬೇರೆ ಥರ. ಹೈಟಿಯಲ್ಲಿ ಹುಟ್ಟಿ ಮಾಂಟ್ರಿಯಲ್ ಕಡೆ ಬೆಳೆದ ಈತನ 2016ರ ಆಲ್ಬಂ '99.9%' ಕೇಳಿದರೆ ಡ್ರಮ್ಮು ಸದಾ ಒಂಚೂರು ಎಡವಿ ಎದ್ದ ಹಾಗೆ ನಡೆಯುತ್ತದೆ. ಅದು ಹೈಟಿಯ ಕುಣಿತವೋ, ಅಮೆರಿಕದ ಹಿಪ್-ಹಾಪ್ ಬೀಟಿನ ಪಾಠವೋ ಅಂತ ಬಿಡಿಸಿ ಹೇಳಲು ನಾನು ಹೋಗುವುದಿಲ್ಲ.

ಶುರು ಎಲ್ಲಿಂದ ಅಂತ ಕೇಳಿದ್ದೀರಿ. ಮೊದಲ ವಾರ 'ಲಾಸ್ಟ್ ವನ್ಸ್' ಮತ್ತು 'ಬ್ಯಾಮ್ ಬ್ಯಾಮ್' ಒಂದರ ಹಿಂದೆ ಒಂದು. ಎರಡನೇ ವಾರ 'ಸಿಲ್ಲಿ ಗೇಮ್ಸ್', 'ಬ್ಯಾಕ್ ಟು ಲೈಫ್', ಆಮೇಲೆ ಜೋರ್ಜಾ. ಕೊನೆಗೆ ಇವತ್ತಿನ ಜಮೈಕಾಕ್ಕೇ ಹೋಗಿ ಕಾಫಿಯನ್ನು ಕೇಳಿ. ನಮ್ಮ ಹಾಸನದ ಕಾಫಿ ಅಲ್ಲ, ಸ್ಪ್ಯಾನಿಶ್ ಟೌನ್‌ನ ಹುಡುಗಿ, 2000ನೇ ಇಸವಿಯಲ್ಲಿ ಹುಟ್ಟಿದವಳು. 2020ರಲ್ಲಿ ರೆಗೆ ಆಲ್ಬಂ ಗ್ರ್ಯಾಮಿ ಗೆದ್ದಾಗ ಆಕೆಗೆ 19 ವರ್ಷ, ಆ ವಿಭಾಗದಲ್ಲಿ ಒಂಟಿಯಾಗಿ ಗೆದ್ದ ಮೊದಲ ಹೆಣ್ಣು. ಆಕೆಯನ್ನು ಮೇಲೆ ತಂದ ಹಾಡಿನ ಹೆಸರು 'ಟೋಸ್ಟ್'. ಇಲ್ಲಿಯವರೆಗೆ ಓದಿದ್ದೀರಾದರೆ ಆ ಹೆಸರು ಕೇಳಿ ನಿಮಗೆ ನಗು ಬರುತ್ತದೆ.